ಮೂರು ಪೌಂಡ್ ಸಡಿಲ

ತಂತಿಯವರು ಊರು ಸುತ್ತುವ ಪೈಕಿಯೇ ಅಲ್ಲ. ಮೂವತ್ತು ವರ್ಷಗಳಿಂದ ಅವರ ಪಾಲಿಗೆ ಲೋಕ ಅಂದರೆ ಹತ್ತಡಿ ಅಗಲದ ಒಂದು ಅಂಗಡಿ, ಅದರೊಳಗೆ ಟೆನಿಸ್ ರ‍್ಯಾಕೆಟ್ಟುಗಳಿಗೆ ತಂತಿ ಬಿಗಿಯುವ ಯಂತ್ರ, ಯಂತ್ರದ ಮುಂದೆ ಒಂದು ಎತ್ತರದ ಸ್ಟೂಲು. ಅವರಿಗೂ ಒಂದು ಹೆಸರಿತ್ತು, ಆದರೆ ಅದು ಮದುವೆಯ ಕಾಗದದಲ್ಲಿ ಅಚ್ಚಾದದ್ದೇ ಕೊನೆ. ಆಮೇಲೆ ಊರಿಗೆಲ್ಲ ಅವರು ತಂತಿಯವರೇ. ಇಂಥ ಮನುಷ್ಯ ಅವತ್ತು ಬೆಳಿಗ್ಗೆ ಒಂಬತ್ತಕ್ಕೆ, ಕಂಡರಿಯದ ಮಹಾನಗರವೊಂದರಲ್ಲಿ, ವಸತಿಗೃಹದ ಬಾಗಿಲಲ್ಲಿ ನಿಂತು "ಬಸ್ಸು ಯಾಕೆ, ನಡೆದೇ ಹೋಗೋಣ" ಎಂದರು. ಹೆಂಡತಿಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಆಕೆಗೆ ಖುಷಿಯಾಗಿಬಿಟ್ಟಿತ್ತು.

ಆಕೆ ದರ್ಜಿ. ಈ ನಗರವನ್ನು ಕಾಲ್ನಡಿಗೆಯಲ್ಲೇ ನೋಡಬೇಕೆಂದು ತಿಂಗಳ ಹಿಂದೆಯೇ ಹಟ ಹಿಡಿದು, ನಕ್ಷೆಯನ್ನು ತನ್ನ ಕಂದು ಕಾಗದದ ಮೇಲೆ ಗುರುತು ಹಾಕುವ ಚಕ್ರದಿಂದ ಚುಕ್ಕೆ ಚುಕ್ಕೆಯಾಗಿ ಇಳಿಸಿಕೊಂಡಿದ್ದಳು, ರವಿಕೆಯ ಅಳತೆ ಇಳಿಸಿಕೊಳ್ಳುವ ಹಾಗೆಯೇ. ಒಂದೇ ಹಾಳೆಯಲ್ಲಿ ಹಿಡಿಸದೆ ಎರಡು ಹಾಳೆ ಮಾಡಿ, ಕೈ ಅಭ್ಯಾಸದಂತೆ ಅಂಚಿನಲ್ಲಿ ಹೊಲಿಗೆಗೆಂದು ಒಂದಿಂಚು ಬಿಟ್ಟಿದ್ದಳು. ಆ ಒಂದಿಂಚಿನಲ್ಲಿ ಒಂದು ಸೇತುವೆಯೂ ಎರಡು ಬೀದಿಗಳೂ ಎರಡೆರಡು ಸಲ ಬಂದುಬಿಟ್ಟಿದ್ದವು. ಇದು ಗೊತ್ತಾದದ್ದು ಒಂದು ಸೇತುವೆ ದಾಟಿ, ಇಲ್ಲದ ಇನ್ನೊಂದು ಸೇತುವೆಯನ್ನು ಅರ್ಧ ಗಂಟೆ ಹುಡುಕಿದ ಮೇಲೆ.

"ನಕ್ಷೆ ಸರಿಯಾಗಿದೆ. ಇವರು ಊರನ್ನೇ ಬಿಗಿಯಾಗಿ ಹೊಲಿದಿದ್ದಾರೆ" ಎಂದಳು ಆಕೆ, ಸ್ವಲ್ಪವೂ ನಾಚಿಕೊಳ್ಳದೆ.

ಬೇರೆ ದಿನವಾಗಿದ್ದರೆ ತಂತಿಯವರು ನಗುತ್ತಿದ್ದರು. ಅವತ್ತು ಅವರ ಕಿವಿಯಲ್ಲಿ ಮಗಳ ಮಾತೇ ಕುಳಿತಿತ್ತು.

ಮಗಳಿಗೆ ಇಪ್ಪತ್ಮೂರು ವರ್ಷ. ಸಣಕಲಿ ಎಂದು ಚಿಕ್ಕಂದಿನಲ್ಲಿ ಇಟ್ಟ ಅಡ್ಡಹೆಸರು ಕಡ್ಡಿ. ಈಗ ತೋಳು ಗಟ್ಟಿಯಾಗಿದ್ದರೂ ಮನೆಯವರಿಗೆ ಕಡ್ಡಿಯೇ. ಊರೂರು ತಿರುಗಿ ಟೆನಿಸ್ ಆಡುತ್ತಾಳೆ. ಈ ನಗರದ ದೊಡ್ಡ ಪಂದ್ಯಾವಳಿಯೊಳಗೆ ಕಾಲಿಡಬೇಕಾದರೆ ಮೊದಲು ಅರ್ಹತಾ ಸುತ್ತಿನ ಮೂರು ಆಟ ಗೆಲ್ಲಬೇಕು. ನಿನ್ನೆ ಒಂದು ಗೆದ್ದಿದ್ದಳು. ಇವತ್ತು ನಾಲ್ಕು ಗಂಟೆಗೆ ಎರಡನೆಯದು. ಅಪ್ಪ ಅಮ್ಮ ಬೆಳಗಿನ ರೈಲಿಗೆ ಬಂದಿಳಿದು ಕೋಣೆ ಸೇರುವಷ್ಟರಲ್ಲಿ ಅವಳ ಫೋನು ಬಂದಿತ್ತು.

"ನಿನ್ನೆ ಗೆದ್ದೆ ಅಪ್ಪ, ಆದ್ರೆ ಅದು ಗೆಲುವಲ್ಲ. ಎದುರಿನವಳು ಸೋತ್ಲು, ಅಷ್ಟೆ. ಚೆಂಡು ಮುಂದಕ್ಕೆ ಹೋಗ್ತಾನೇ ಇಲ್ಲ. ಅದೇ ಏಟು, ಅದೇ ಕೈ, ಎಲ್ಲಾ ನೆಟ್ಟಿಗೆ ಬಡೀತಿದೆ. ಮೊಣಕೈ ನೋವು ಬೇರೆ ಮತ್ತೆ ಶುರುವಾಗಿದೆ."

"ರ‍್ಯಾಕೆಟ್ಟು ಯಾವುದು?" ಎಂದಿದ್ದರು ತಂತಿಯವರು.

"ನೀನು ಕಟ್ಟಿಕೊಟ್ಟಿದ್ದ ಮೂರರ ತಂತೀನೂ ಹೋದ ವಾರವೇ ಹರೀತು. ಇಲ್ಲಿ ಪಂದ್ಯಾವಳಿಯವರ ಹತ್ರ ಹೊಸದಾಗಿ ಕಟ್ಟಿಸ್ದೆ, ಹೊರಗೆ ಕಟ್ಟಿಸಿದ್ದು ಇದೇ ಮೊದಲು. ಐವತ್ತೆರಡು, ಯಾವತ್ತಿನ ಹಾಗೆ. ರ‍್ಯಾಕೆಟ್ಟಿನ ತಪ್ಪೇನಿಲ್ಲ, ನನ್ನ ಕೈಯೇ ಹೋಯ್ತು. ಇವತ್ತು ಸೋತ್ರೆ ಸಾಕು ಮಾಡ್ತೀನಿ. ನಮ್ಮೂರ ಶಾಲೇಲಿ ಆಟ ಕಲಿಸೋ ಕೆಲಸ ಇದೆಯಲ್ಲ, ಒಪ್ಕೊಂಡುಬಿಡ್ತೀನಿ."

ಅವಳ ಕೈಗೆ ಏನೂ ಆಗಿರಲಿಲ್ಲ. ಅದು ಗೊತ್ತಿದ್ದ ಮನುಷ್ಯ ಭೂಮಿಯ ಮೇಲೆ ಒಬ್ಬರೇ, ಆ ಒಬ್ಬರು ಫೋನು ಹಿಡಿದುಕೊಂಡು ಸುಮ್ಮನೆ ನಿಂತಿದ್ದರು.

ವಿಷಯ ಇಷ್ಟೆ. ರ‍್ಯಾಕೆಟ್ಟಿನ ತಂತಿಯನ್ನು ಎಷ್ಟು ಬಿಗಿಯಬೇಕೆಂದು ಆಡುವವರು ಪೌಂಡ್ ಲೆಕ್ಕದಲ್ಲಿ ಹೇಳುತ್ತಾರೆ, ಕಟ್ಟುವವರು ಅಷ್ಟಕ್ಕೆ ಕಟ್ಟಿ ರ‍್ಯಾಕೆಟ್ಟಿನ ಕತ್ತಿಗೆ ಒಂದು ಚೀಟಿ ಅಂಟಿಸುತ್ತಾರೆ. ಬಿಗಿ ಹೆಚ್ಚಾದರೆ ಚೆಂಡು ಹತೋಟಿಯಲ್ಲಿರುತ್ತದೆ, ಆದರೆ ಪುಟಿಯುವುದಿಲ್ಲ, ಪೆಟ್ಟೆಲ್ಲ ಮೊಣಕೈಗೆ. ಸಡಿಲವಾದರೆ ಚೆಂಡು ಹಾರುತ್ತದೆ, ಕೈಗೆ ಸುಖ. ಕಡ್ಡಿಯದು ಮೊದಲಿನಿಂದ ಐವತ್ತೆರಡು. ಮೂರು ವರ್ಷದ ಹಿಂದೆ ಮೊಣಕೈ ಊದಿಕೊಂಡಾಗ ಡಾಕ್ಟರು, ಸಡಿಲ ಮಾಡು, ಇಲ್ಲವಾದರೆ ಕೈ ಕಳಕೊಳ್ಳುತ್ತೀ ಎಂದರು. ಅವಳು ಅವರ ಮುಖದ ಮೇಲೇ "ನೀವು ಟೆನಿಸ್ ಆಡಿದ್ದೀರಾ?" ಎಂದು ಕೇಳಿ ಎದ್ದು ಬಂದಳು. ಹಟದಲ್ಲಿ ಅಮ್ಮನ ಮಗಳು. ಅಪ್ಪ ಬಾಯಿ ಮುಚ್ಚಿಕೊಂಡು ಒಪ್ಪಿದರು. ಒಪ್ಪಿ, ಮುಂದಿನ ಸಲ ಐವತ್ತೊಂದಕ್ಕೆ ಕಟ್ಟಿದರು. ಚೀಟಿಯಲ್ಲಿ ಐವತ್ತೆರಡು ಎಂದೇ ಬರೆದರು. ಎರಡು ತಿಂಗಳು ಬಿಟ್ಟು ಐವತ್ತು. ಅವಳಿಗೆ ಗೊತ್ತಾಗಲಿಲ್ಲ. ಆಮೇಲೆ ನಲವತ್ತೊಂಬತ್ತು. ನೋವು ಹೋಯಿತು. ಚೆಂಡು ಗೆರೆಯ ಹತ್ತಿರ ಹೋಗಿ ಬೀಳತೊಡಗಿತು. ಅವಳು ಗೆಲ್ಲತೊಡಗಿದಳು.

ಅಂಗಡಿಯಲ್ಲಿ ಅವರಿಬ್ಬರದೂ ಒಂದು ಕಟ್ಟಳೆ ಇತ್ತು. ಅಪ್ಪ ಕಟ್ಟಿ ಕೊಟ್ಟ ರ‍್ಯಾಕೆಟ್ಟನ್ನು ಅವಳು ಅಂಗೈಗೆ ಒಮ್ಮೆ ಬಡಿದು, ಕಿವಿಗಿಟ್ಟು, "ಮಾತಾಡ್ತಿದೆ" ಎನ್ನುವಳು. ಹಾಗೆಂದಾಗೆಲ್ಲ ಅವರು ಯಂತ್ರದ ಕಡೆ ತಿರುಗಿ ಮುಂದಿನ ಕೆಲಸ ಎತ್ತಿಕೊಳ್ಳುವರು. ನಾಳೆ ಹೇಳಿದರಾಯಿತು ಎಂದುಕೊಂಡೇ ಕಾಲ ಹೋಯಿತು.

ಬೆಳಿಗ್ಗೆ ಫೋನಿನಲ್ಲೂ ಮಾತು ತುಟಿಯವರೆಗೆ ಬಂದಿತ್ತು. ಆದರೆ "ಚೆನ್ನಾಗಿ ಆಡು ಮಗಾ" ಎಂದು ಇಟ್ಟುಬಿಟ್ಟಿದ್ದರು. ಈಗ ಮೈದಾನದವರೆಗೆ ಎಂಟು ಕಿಲೋಮೀಟರ್ ನಡೆಯುತ್ತಿದ್ದರು. ನಡೆದಷ್ಟೂ ಹೊತ್ತು ಮುಟ್ಟುವುದಿಲ್ಲವಲ್ಲ.

ಆ ನಗರವೋ, ಮುಗಿಯುವ ಲಕ್ಷಣವೇ ಇರಲಿಲ್ಲ. ಗುಂಡಿಗಳನ್ನಷ್ಟೇ ಮಾರುವ ಒಂದು ಬೀದಿ ಇತ್ತು. ದರ್ಜಿಗೆ ಅಲ್ಲಿ ಕಾಲು ಕಿತ್ತಿಡಲು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಮೆಟ್ಟಿಲೇ ಬೀದಿಯಾದ ಒಂದು ಏರು. ಏರಿದ ಮೇಲೆ ಎರಡೂ ಬದಿ ಎತ್ತರದ ಮನೆಗಳು, ಕಿಟಕಿಯಿಂದ ಕಿಟಕಿಗೆ ಒಣಹಾಕಿದ ಬಟ್ಟೆ, ಮೂರನೇ ಮಹಡಿಯಲ್ಲಿ ಯಾರೋ ಪಿಯಾನೊ ಕಲಿಯುತ್ತ ಒಂದೇ ಜಾಗದಲ್ಲಿ ಎಡವುತ್ತಿದ್ದ ಸದ್ದು. ತಂತಿಯವರ ಕಾಲು ತಾನಾಗಿ ನಿಂತಿತು.

"ಮೇಲಿನ ತಂತಿ ಒಂದು ಇಳಿದಿದೆ" ಎಂದರು.

"ಆ ಮನೇನೂ ಬಿಡಲಿಲ್ಲವಲ್ಲ ನೀವು" ಎಂದಳು ಹೆಂಡತಿ.

ದೊಡ್ಡದೊಂದು ಬಟ್ಟೆ ಅಂಗಡಿಯ ಗಾಜಿನ ಮುಂದೆ ಆಕೆ ಬಗ್ಗಿ ಗೊಂಬೆಗೆ ತೊಡಿಸಿದ ಲಂಗದ ಅಂಚು ನೋಡಿದಳು. "ಒಳಗೆ ಬಟ್ಟೇನೇ ಬಿಟ್ಟಿಲ್ಲ. ನಾಳೆ ಯಾರಾದ್ರೂ ಸ್ವಲ್ಪ ದಪ್ಪ ಆದ್ರೆ ಮುಗೀತು." ಆಮೇಲೆ ನೆಟ್ಟಗಾಗಿ ಗಂಡನ ಮುಖ ನೋಡಿದಳು. ಬೆಳಗಿನಿಂದ ಮೊದಲ ಸಲ ಸರಿಯಾಗಿ ನೋಡಿದ್ದು. "ಏನ್ರೀ ಅದು?"

"ಏನಿಲ್ಲ."

"ಏನಿಲ್ಲ ಅನ್ನೋರು ಗುಂಡಿ ಬೀದೀಲಿ ಮುಕ್ಕಾಲು ಗಂಟೆ ಒಂದು ಸಲವಾದ್ರೂ ಗೊಣಗದೆ ನಿಲ್ಲಲ್ಲ."

ಎದುರಿನ ಚೌಕದಲ್ಲಿ ಒಂದು ಕಾರಂಜಿ ಇತ್ತು, ನೀರು ಖಾಲಿ ಮಾಡಿ ಇಬ್ಬರು ಕೆಲಸಗಾರರು ತಳ ಉಜ್ಜುತ್ತಿದ್ದರು. ಅದರ ಕಟ್ಟೆಯ ಮೇಲೆ ಕುಳಿತು ತಂತಿಯವರು ಎಲ್ಲವನ್ನೂ ಕಕ್ಕಿಬಿಟ್ಟರು. ಹೆಂಡತಿ ಎಡಗಾಲಿನ ಚಪ್ಪಲಿ ಕಳಚಿ ಹಿಮ್ಮಡಿ ನೀವಿಕೊಳ್ಳುತ್ತ ಕೇಳಿದಳು.

"ನಾನೂ ಮಾಡ್ತೀನಿ" ಎಂದಳು. "ಗಿರಾಕಿಗಳು ಹೋದ ವರ್ಷದ್ದೇ ಸೊಂಟ ಅಂತ ಹೇಳ್ತಾರೆ, ನಾನು ಬಾಯಿ ಮುಚ್ಕೊಂಡು ಅರ್ಧ ಇಂಚು ಬಿಡ್ತೀನಿ. ಆದ್ರೆ ಒಳಮಗ್ಗುಲು ತಿರುವಿದ್ರೆ ಕಾಣ್ಸತ್ತೆ ರೀ. ಬಟ್ಟೆ ಅಲ್ಲೇ ಇರತ್ತೆ. ನೀವು ಅದನ್ನೂ ಕತ್ತರಿಸಿ ಬಿಸಾಕಿದ್ರಲ್ಲ."

"ಕೈ ಉಳೀತಲ್ಲ ಅವಳದು."

"ಉಳೀತು. ಈಗ ಅದೇ ಕೈ ಸತ್ತೋಯ್ತು ಅಂತ ಅಳ್ತಾ ಕೂತಿದ್ದಾಳೆ. ಹೇಳಿ ಅವಳಿಗೆ."

"ಇನ್ನು ಮುಂದೆ ನನ್ನ ಕೈಯಲ್ಲಿ ಒಂದು ರ‍್ಯಾಕೆಟ್ಟೂ ಕೊಡಲ್ಲ ಅವಳು."

"ಕೊಡದೆ ಇರಬಹುದು" ಎಂದಳು ಹೆಂಡತಿ. ಸಮಾಧಾನಕ್ಕೆಂದು ಸುಳ್ಳು ಹೇಳುವ ಹೆಂಗಸಲ್ಲ ಆಕೆ. ಆದರೆ ಚಪ್ಪಲಿ ಹಾಕಿಕೊಂಡು ಎದ್ದಾಗ ಗಂಡನ ಕೈ ಹಿಡಿದಳು, ಉಳಿದ ದಾರಿಯುದ್ದಕ್ಕೂ ಬಿಡಲಿಲ್ಲ. ಹರೆಯದಲ್ಲೂ ಅವರಿಬ್ಬರು ಹಾಗೆ ಕೈ ಹಿಡಿದು ಬೀದಿಯಲ್ಲಿ ನಡೆದವರಲ್ಲ.

ಎರಡು ಗಂಟೆಗೆ ಮೈದಾನ ಮುಟ್ಟಿದರು. ಹೊರಗೆ ಜಾತ್ರೆಯಷ್ಟು ಜನ, ಒಳಗೆ ಹದಿನೆಂಟು ಅಂಕಣಗಳು, ಎಲ್ಲ ಕಡೆಯಿಂದ ಚೆಂಡಿನ ಸದ್ದು. ತಂತಿಯವರ ಕಿವಿ ಸುಮ್ಮನಿರಲಿಲ್ಲ. ಈ ಕಡೆಯದು ಐವತ್ತೈದು, ಆ ಬೇಲಿಯ ಆಚೆಯದು ನಲವತ್ತಾರು, ಪಾಪ ಅದ್ಯಾರದೋ ತಂತಿ ಹಳತಾಗಿದೆ. ಮೂವತ್ತು ವರ್ಷ ಬೆರಳಲ್ಲಿ ಮಿಡಿದು ಮಿಡಿದು ಬಂದ ವಿದ್ಯೆ ಅದು, ತಪ್ಪುವುದು ಕಡಿಮೆ.

ಹೆಂಡತಿ ಕುಡಿಯುವ ನೀರಿನ ಸಾಲಿನಲ್ಲಿ ನಿಂತಳು. ತಂತಿಯವರು "ಈಗ ಬಂದೆ" ಎಂದು ಮೆಲ್ಲಗೆ ಜಾರಿದರು. ಮಗಳ ಹತ್ತಿರಕ್ಕಲ್ಲ. ಅಭ್ಯಾಸದ ಅಂಕಣಗಳ ಹಿಂದಿದ್ದ ತಂತಿ ಕಟ್ಟುವ ಕೋಣೆಗೆ. ಕಾರಂಜಿ ಕಟ್ಟೆಯಿಂದ ಏಳುವಾಗಲೇ ಅವರ ತಲೆಯಲ್ಲಿ ಒಂದು ಉಪಾಯ ಮೊಳೆತಿತ್ತು. ನಾಚಿಕೆಗೇಡಿನ ಉಪಾಯ, ಅದಕ್ಕೇ ಹೆಂಡತಿಗೆ ಹೇಳಿರಲಿಲ್ಲ.

ಕೋಣೆಯಲ್ಲಿ ಆರು ಯಂತ್ರಗಳಿದ್ದವು, ಗೋಡೆಯ ತುಂಬ ರ‍್ಯಾಕೆಟ್ಟುಗಳು. ಕಿಟಕಿಯ ಹತ್ತಿರದ ಯಂತ್ರದಲ್ಲಿ ಅವರದೇ ವಯಸ್ಸಿನ ಒಬ್ಬ ಹೆಂಗಸು ಕೆಲಸ ಮಾಡುತ್ತಿದ್ದಳು. ತೋರುಬೆರಳಿನ ಎರಡನೆಯ ಗೆಣ್ಣಿನ ಮೇಲೆ ತಂತಿ ಕೊಯ್ದು ಕೊಯ್ದು ಗಟ್ಟಿಯಾದ ಗೆರೆ. ತಂತಿಯವರ ಬೆರಳಲ್ಲೂ ಅದೇ ಗೆರೆ, ಅದೇ ಜಾಗದಲ್ಲಿ. ಇಬ್ಬರೂ ಪರಸ್ಪರ ಬೆರಳು ನೋಡಿಕೊಂಡರು.

"ಎಷ್ಟು ವರ್ಷ ಆಯ್ತು?" ಎಂದಳು ಆಕೆ.

"ಮೂವತ್ತು." ಮಗಳ ಗುರುತು ಹೇಳಿದರು. ಆಮೇಲೆ ಧ್ವನಿ ಇಳಿಸಿದರು. "ಅವಳ ಚೀಟೀಲಿ ಐವತ್ತೆರಡು ಅಂತ ಇರತ್ತೆ. ಒಂದನ್ನಾದ್ರೂ ಬಿಚ್ಚಿ ನಲವತ್ತೊಂಬತ್ತಕ್ಕೆ ಕಟ್ಟಿಕೊಡಿ. ಚೀಟಿ ಮಾತ್ರ ಹಾಗೇ ಇರಲಿ."

ಆಕೆ ಯಂತ್ರ ನಿಲ್ಲಿಸಿದಳು. "ಚೀಟಿ ಹಾಗೇ ಇರಲಿ ಅಂದ್ರೆ?"

ಕೇಳುವಷ್ಟರಲ್ಲೇ ಆಕೆಗೆ ಅರ್ಥವಾಗಿತ್ತು.

"ನೋಡಿ, ಆಡೋರು ಹೇಳಿದ ಅಂಕಿ ನಾನು ಕಟ್ತೀನಿ. ತಪ್ಪು ಅಂಕಿ ಅಂತ ಗೊತ್ತಿದ್ರೆ ಬಾಯಿಬಿಟ್ಟು ಹೇಳ್ತೀನಿ, ಕೇಳದೇ ಇದ್ರೆ ಅದನ್ನೇ ಕಟ್ತೀನಿ. ಕೈ ಅವರದು, ಆಡೋರೂ ಅವರು, ಸೋಲೋರೂ ಅವರೇ." ಬೈಯಲಿಲ್ಲ ಆಕೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಮೇಜಿನಿಂದ ಖಾಲಿ ಚೀಟಿಯೊಂದನ್ನು ಎತ್ತಿ ಅವರತ್ತ ನೂಕಿದಳು. "ಕೈತುಂಬ ಕೆಲಸ ಇದೆ, ಒಂದು ಮಾಡಿಕೊಡ್ತೀನಿ, ಅಷ್ಟೆ. ಬೆಳಿಗ್ಗೆ ಬಂದಿದ್ರೆ ಮೂರೂ ಆಗ್ತಿತ್ತು. ಮೂರು ಗಂಟೆ ಒಳಗೆ ಇದು ನನ್ನ ಕೈಲಿರಬೇಕು. ಅಂಕಿ ಅವಳೇ ಬರೀಬೇಕು, ಸಹಿಯೂ ಅವಳದೇ."

ಕಡ್ಡಿ ಅಭ್ಯಾಸದ ಅಂಕಣದ ಪಕ್ಕ ಬೆಂಚಿನ ಮೇಲೆ, ಮೊಣಕೈಗೆ ಮಂಜುಗಡ್ಡೆಯ ಚೀಲ ಕಟ್ಟಿಕೊಂಡು ಕುಳಿತಿದ್ದಳು. ಅಪ್ಪನನ್ನು ಕಂಡು ಮುಖ ಅರಳಿತು. "ಅಮ್ಮ ಎಲ್ಲಿ? ಕಾಲು ನೋವಾಯ್ತಾ? ಅಮ್ಮನ ನಕ್ಷೆ ಹಿಡ್ಕೊಂಡು ನಡ್ದೇ ಬಂದ್ರಾ?" ತಂತಿಯವರು ಬೇಲಿಯ ಈಚೆ ನಿಂತೇ ಹೇಳಿದರು. ಸುತ್ತಿ ಬಳಸಿ ಹೇಳಲು ಅವರಿಗೆ ಬರುತ್ತಿರಲಿಲ್ಲ. ಐವತ್ತೊಂದು, ಐವತ್ತು, ನಲವತ್ತೊಂಬತ್ತು, ಮೂರು ಅಂಕಿಗಳಲ್ಲಿ ಮುಗಿಯಿತು.

ಅವಳು ಮಂಜುಗಡ್ಡೆಯ ಚೀಲ ಬಿಚ್ಚಿ ಪಕ್ಕಕ್ಕಿಟ್ಟಳು. "ಎಷ್ಟು ದಿನದಿಂದ?"

"ಎರಡು ವರ್ಷ ಏಳು ತಿಂಗಳು."

"ನಿನ್ನ ಬಿಗಿ ಎಷ್ಟು ಅಂತ ಹುಡುಗೀರೆಲ್ಲ ಕೇಳ್ತಾರೆ. ಐವತ್ತೆರಡು ಅಂತ ಜಂಬದಿಂದ ಹೇಳ್ತಿದ್ದೆ. ನನ್ನ ಕೈ ನನಗೇ ಗೊತ್ತಿರಲಿಲ್ಲ ಅಂತಾಯ್ತು." ಧ್ವನಿ ಎತ್ತರಿಸಿರಲಿಲ್ಲ ಅವಳು. "ಬೆಳಿಗ್ಗೆ ಅತ್ಕೊಂಡು ಫೋನ್ ಮಾಡ್ದೆನಲ್ಲ ಅಪ್ಪ. ಆಗಲಾದ್ರೂ ಹೇಳ್ಬಾರದಿತ್ತಾ?"

"ಹೆದರಿಕೆ ಆಯ್ತು."

"ಯಾರ ಹೆದರಿಕೆ? ನಂದಾ?"

"ನಿಂದೇ."

ಮೂರು ಗಂಟೆಯೊಳಗೆ ಬರೆದು ಕೊಟ್ಟರೆ ಒಂದನ್ನು ಕಟ್ಟಿಕೊಡುತ್ತಾರೆ ಎಂದು ಹೇಳಿ ತಂತಿಯವರು ಬೇಲಿಯ ಸಂದಿನಿಂದ ಚೀಟಿ ಚಾಚಿದರು. ಅವಳು ತೆಗೆದುಕೊಂಡಳು, ಓದಿದಳು, ರ‍್ಯಾಕೆಟ್ಟಿನ ಚೀಲ ಹೆಗಲಿಗೇರಿಸಿ ಹಿಂತಿರುಗಿ ನೋಡದೆ ಹೋದಳು. ಚೀಟಿ ತುಂಬಿಸಿದಳೋ ಹರಿದೆಸೆದಳೋ ಗೊತ್ತಾಗಲಿಲ್ಲ.

ಅವಳ ಆಟವಿದ್ದದ್ದು ಮೂಲೆಯ ಹದಿನೇಳನೆಯ ಅಂಕಣದಲ್ಲಿ. ಮೂರು ಮೆಟ್ಟಿಲು ಬೆಂಚು, ನೂರು ಜನ ಹಿಡಿಸಿದರೆ ಹೆಚ್ಚು. ಹೆಂಡತಿಗೆ ಎಲ್ಲವನ್ನೂ ಹೇಳಿ ಬೈಸಿಕೊಂಡ ಮೇಲೆ ತಂತಿಯವರು ಅವಳ ಪಕ್ಕ ಮೈ ಹಿಡಿಯಾಗಿ ಕುಳಿತಿದ್ದರು. ಕಡ್ಡಿ ಬಂದಳು. ಮೇಲೆ ನೋಡಲಿಲ್ಲ. ಚೀಲದಿಂದ ಒಂದು ರ‍್ಯಾಕೆಟ್ಟು ತೆಗೆದು ಗೆರೆಯ ಹತ್ತಿರ ಹೋದಳು. ತಂತಿಯವರು ಕಣ್ಣು ಮುಚ್ಚಿದರು.

ಮೊದಲ ಏಟು. ಎರಡನೆಯದು. ಮೂರನೆಯದು.

"ಯಾವುದು ರೀ?" ಹೆಂಡತಿ ಮೊಣಕೈಯಿಂದ ತಿವಿದಳು. "ಅವಳದಾ? ನಿಮ್ಮದಾ?"

"ಎರಡೂ ಅಲ್ಲ. ಐವತ್ತು."

"ಐವತ್ತು ಯಾರದು?"

ತಂತಿಯವರಿಗೆ ಕಣ್ಣು ತೆರೆಯುವುದು ಬೇಡವೆನಿಸಿತು, ತೆರೆದರೆ ತುಳುಕುತ್ತಿತ್ತು. "ಅದೇ ಅವಳದು" ಎಂದರು. "ಇವತ್ತು ಅವಳೇ ಬರೆದಿದ್ದಾಳೆ."

ಮೊದಲ ಸೆಟ್ಟು ಹೋಯಿತು. ಹೊಸ ಬಿಗಿಗೆ ಕೈ ಕೂಡಲು ಅಷ್ಟು ಹೊತ್ತು ಬೇಕಾಯಿತು. ಎರಡನೆಯದರಲ್ಲಿ ಚೆಂಡು ನೆಟ್ಟನ್ನು ಒಂದು ಗೇಣು ಬಿಟ್ಟು ದಾಟಿ, ಆಚೆಯ ಗೆರೆಯ ಮೂಲೆಯಲ್ಲಿ ಬೀಳತೊಡಗಿತು. ಎದುರಾಳಿ ಅತ್ತಿಂದಿತ್ತ ಓಡಿ ಸುಸ್ತಾದಳು. ಅದು ಮಗಳ ಹಳೆಯ ಆಟ. ಪಕ್ಕದಲ್ಲಿದ್ದ ಅಪರಿಚಿತ ಮುದುಕರೊಬ್ಬರು "ಈ ಹುಡುಗಿ ಕೈ ಚೆನ್ನಾಗಿದೆ" ಎಂದರು. ದರ್ಜಿ "ನಮ್ಮ ಮಗಳು" ಎಂದು ಅವರಿಗೊಂದು ಕಿತ್ತಳೆ ಹಣ್ಣು ಕೊಟ್ಟಳು. ಎರಡನೆಯ ಸೆಟ್ಟು ಕಡ್ಡಿಗೆ ಬಂತು.

ಮೂರನೆಯದರಲ್ಲಿ ಐದು ಐದು ಆಗಿದ್ದಾಗ, ಬೇರೆಯವರು ಕಾಣುವ ಮೊದಲೇ ತಂತಿಯವರಿಗೆ ಕೇಳಿಸಿತು. ಟಪ್ಪೆಂದು ಒಂದು ಸದ್ದು. ತಂತಿ ಹರಿದಿತ್ತು. ಕಡ್ಡಿ ಒಂದು ಕ್ಷಣ ರ‍್ಯಾಕೆಟ್ಟನ್ನು ನೋಡಿ, ಚೀಲದ ಹತ್ತಿರ ಹೋಗಿ ಇನ್ನೊಂದನ್ನು ತೆಗೆದಳು. ಉಳಿದ ಎರಡೂ ಐವತ್ತೆರಡು. ಮೊದಲ ಏಟಿಗೇ ಚೆಂಡು ನೆಟ್ಟಿಗೆ ಬಡಿಯಿತು. ಹತ್ತು ನಿಮಿಷದಲ್ಲಿ ಆಟ ಮುಗಿಯಿತು. ಏಳು ಐದು. ಸೋತಳು.

ಬೆಳಿಗ್ಗೆ ಎಂಟು ಗಂಟೆಗೆ ಬಾಯಿ ತೆರೆದಿದ್ದರೆ ಮೂರು ರ‍್ಯಾಕೆಟ್ಟೂ ಸಿದ್ಧವಿರುತ್ತಿದ್ದವು. ಅದನ್ನು ತಂತಿಯವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಸ್ನಾನ ಮಾಡಿ ಹೊರಬಂದಾಗ ಅವರೇ ಹೇಳಿದರು. "ನನ್ನಿಂದ ಸೋತೆ ಮಗಾ."

"ಹೌದು" ಎಂದಳು ಕಡ್ಡಿ, ಕಡ್ಡಿ ಮುರಿದ ಹಾಗೆ. "ಕೊನೇ ಎರಡು ಗೇಮು ನಿನ್ನಿಂದ. ಮೊದಲನೇ ಸೆಟ್ಟು ನನ್ನಿಂದ." ಆಮೇಲೆ ಅಮ್ಮನ ಹೆಗಲಿಗೆ ಹಣೆ ಒತ್ತಿ ಸ್ವಲ್ಪ ಹೊತ್ತು ಅತ್ತಳು. ಅತ್ತು ಮುಗಿಸಿ ಮುಖ ಒರೆಸಿಕೊಂಡು, "ಶಾಲೆ ಕೆಲಸದ ಮಾತು ಈಗ ಬೇಡ. ಕೈ ಇದೆ ಅಂತ ಗೊತ್ತಾಯ್ತಲ್ಲ" ಎಂದಳು.

ಬಸ್ಸಿನ ನಿಲ್ದಾಣದತ್ತ ತಿರುಗಿದವಳನ್ನು ಅಮ್ಮ ತಡೆದಳು. "ನಡೆದು ಹೋಗೋಣ. ನಕ್ಷೆ ಇದೆ."

"ಹನ್ನೊಂದು ಊರಲ್ಲಿ ಆಡಿದೀನಿ ಅಮ್ಮ, ಒಂದನ್ನೂ ನೋಡಿಲ್ಲ. ಹೋಟ್ಲು, ಬಸ್ಸು, ಮೈದಾನ. ಆಯ್ತು, ನಡಿ."

ಮೂವರೂ ನಡೆದರು. ಸಂಜೆಯ ಬೆಳಕು ಇನ್ನೂ ಇತ್ತು. ಕಾರಂಜಿಗೆ ನೀರು ಬಿಟ್ಟಿದ್ದರು. ಮೆಟ್ಟಿಲಿನ ಬೀದಿಯಲ್ಲಿ ಪಿಯಾನೊ ಕಲಿಯುವವರು ಎಡವುತ್ತಿದ್ದ ಜಾಗ ದಾಟಿ ಮುಂದಕ್ಕೆ ಹೋಗಿದ್ದರು. ರ‍್ಯಾಕೆಟ್ಟಿನ ಚೀಲ ಹೊರಲೇ ಎಂದು ತಂತಿಯವರು ಕೇಳಲಿಲ್ಲ, ಕೇಳುವ ಧೈರ್ಯ ಬರಲಿಲ್ಲ. ನಕ್ಷೆಯಲ್ಲಿ ಎರಡು ಸಲ ಬಂದಿದ್ದ ಸೇತುವೆಯ ಮೇಲೆ ಒಂದು ಬೆಂಚಿತ್ತು. ಅಮ್ಮನ ಹಿಮ್ಮಡಿಗೋಸ್ಕರ ಅಲ್ಲಿ ಕುಳಿತರು. ಕಡ್ಡಿ ಚೀಲದ ಬಾಯಿ ತೆರೆದು ಮೂರೂ ರ‍್ಯಾಕೆಟ್ಟುಗಳನ್ನು ಒಂದೊಂದಾಗಿ ಅಪ್ಪನ ತೊಡೆಯ ಮೇಲಿಟ್ಟಳು.

"ಮೂರನ್ನೂ ಬಿಚ್ಚಿ ಕಟ್ಟು. ಮುಂದಿನ ವಾರ ಆಟ ಇದೆ."

ತಂತಿಯವರು ಹರಿದ ತಂತಿಯ ತುದಿಯನ್ನು ಬೆರಳಲ್ಲಿ ಸುತ್ತಿಕೊಂಡರು. "ಎಷ್ಟಕ್ಕೆ?" ಎಂದರು.

"ನಲವತ್ತೊಂಬತ್ತೂವರೆ. ಐವತ್ತು ಅಂತ ಸ್ವಲ್ಪ ಹಟಕ್ಕೆ ಬರೆದಿದ್ದೆ." ತಂತಿ ಕೋಣೆಯಿಂದ ಅವಳು ಖಾಲಿ ಚೀಟಿಗಳನ್ನು ಕೇಳಿ ತಂದಿದ್ದಳು. ಅಮ್ಮನ ಪೆನ್ಸಿಲು ಇಸಕೊಂಡು ಮೂರರಲ್ಲೂ ಅಂಕಿ ಬರೆದು, ಸಹಿ ಹಾಕಿ, ಅಪ್ಪನ ಕಡೆ ಹಿಡಿದಳು. "ಕೆಳಗೆ ಇನ್ನೊಂದು ಜಾಗ ಇದೆ ನೋಡು. ಕಟ್ಟುವವರ ಸಹಿ. ಬರೆದಷ್ಟಕ್ಕೇ ಕಟ್ತೀನಿ ಅಂತ."

"ಬರೆದಷ್ಟಕ್ಕೇ" ಎಂದರು ಅವರು.

ಮೂವತ್ತು ವರ್ಷಗಳಲ್ಲಿ ಅವರ ಕೆಲಸಕ್ಕೆ ಯಾರೂ ಸಹಿ ಕೇಳಿರಲಿಲ್ಲ. ತಂತಿಯವರು ಪೆನ್ಸಿಲು ಹಿಡಿದು, ಮದುವೆಯ ಕಾಗದದಲ್ಲಿ ಅಚ್ಚಾಗಿದ್ದ ಆ ಹೆಸರನ್ನು, ಒಂದು ಅಕ್ಷರವನ್ನೂ ನುಂಗದೆ, ಮೂರು ಚೀಟಿಗಳಲ್ಲೂ ಬರೆದರು. ಕಡ್ಡಿ ಬಗ್ಗಿ ಓದಿ, ಚೀಟಿಗಳನ್ನು ಜೋಪಾನವಾಗಿ ರ‍್ಯಾಕೆಟ್ಟುಗಳ ಕತ್ತಿಗೆ ಅಂಟಿಸಿ, ಚೀಲವನ್ನು ಅಪ್ಪನ ಹೆಗಲಿಗೆ ಹಾಕಿದಳು.